ಮೂರು ಬ್ರೋಷರ್, ಮೂರೂವರೆ ವರ್ಷದ ಪುಟ್ಟಿ

ಹೆಸರು ಬದಲಿಸಲಾಗಿದೆ ಅಂತ ಬರೆಯೋದು ವಾಡಿಕೆ. ನಾನು ಹೆಸರೇ ಇಡುತ್ತಿಲ್ಲ. ಅಮ್ಮ, ಅಪ್ಪ, ಪುಟ್ಟಿ, ಅಷ್ಟೇ. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ, ಬರೆಯೋಕೆ ಇಬ್ಬರ ಒಪ್ಪಿಗೆಯೂ ಇದೆ.

ಮಗಳನ್ನು ಯಾವ ಶಾಲೆಗೆ ಸೇರಿಸೋದು ಅಂತ ಸಲಹೆ ಕೇಳಲು ಮೊದಲ ದಿನ ಗಂಡ ಹೆಂಡತಿ ಇಬ್ಬರೇ ನನ್ನ ಹತ್ತಿರ ಬಂದರು. ಸರಿಯಾಗಿ ಕೂರುವ ಮೊದಲೇ ಅಪ್ಪ ಮೂರು ಬ್ರೋಷರ್ ಮೇಜಿನ ಮೇಲೆ ಹರಡಿದರು. ಮೂರೂ ಇಂಟರ್‌ನ್ಯಾಷನಲ್ ಕಿಂಡರ್‌ಗಾರ್ಟನ್‌ಗಳು. ಆಮೇಲೆ ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ತೋರಿಸಿದರು. ಹದಿನೇಳು ಕಾಲಂ. ಫೀಸು, ದೂರ, ಪಠ್ಯಕ್ರಮ, ಈಜುಕೊಳ, ಯಾವ ಯಾವ ದೇಶದ ಮಕ್ಕಳಿದ್ದಾರೆ, ಎಲ್ಲಾ ಇತ್ತು. ಟೀಚರ್ ಬಗ್ಗೆ ಮಾತ್ರ ಒಂದು ಕಾಲಮ್ಮೂ ಇರಲಿಲ್ಲ.

"ಮೇಡಂ, ಯಾವುದು ಅಂತ ನೀವೇ ಹೇಳಿಬಿಡಿ. ಜಗಳ ಆಡಿ ಆಡಿ ಸಾಕಾಗಿದೆ."

ಅಪ್ಪನಿಗೆ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಪಠ್ಯಕ್ರಮ) ಅಂತ ದೊಡ್ಡದಾಗಿ ಬರೆದುಕೊಂಡ ಮೊದಲನೇ ಶಾಲೆ ಬೇಕು. ಅಮ್ಮನಿಗೆ ಮನೆಗೆ ಹತ್ತಿರದ ಮಾಂಟೆಸ್ಸರಿ. ಮೂರನೆಯದು ಇಂಗ್ಲೆಂಡಿನ ಪಠ್ಯಕ್ರಮದ್ದು, ಅದು ಇಬ್ಬರಿಗೂ ಎರಡನೇ ಆಯ್ಕೆ. ನಾನೂ ಇದನ್ನು ಫೀಸಿನ ಜಗಳ ಅಂದುಕೊಂಡೆ, ಒಂದು ಗಂಟೆ ಅದರಲ್ಲೇ ಕಳೆದೆ. ಅದು ನನ್ನ ತಪ್ಪು. ಮುಂದಿನ ಸಲ ಪುಟ್ಟಿಯನ್ನೂ ಕರೆದುಕೊಂಡು ಬನ್ನಿ ಅಂದೆ.

ಪುಟ್ಟಿ ಬಂದಳು. ಮೂಲೆಯಲ್ಲಿದ್ದ ಮರದ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದಳು, ಮಾತಿಲ್ಲ. ಹೊಸ ಜಾಗ, ಇರಲಿ ಅಂದುಕೊಂಡೆ. ಹತ್ತಿಪ್ಪತ್ತು ನಿಮಿಷ ಆಗಿರಬೇಕು, ಎದ್ದು ಬಂದು ಅಮ್ಮನ ಮುಂದೆ ನಿಂತಳು. ಎರಡೂ ಕೈಯಲ್ಲಿ ಫ್ರಾಕನ್ನು ಬಿಗಿಯಾಗಿ ಹಿಡಿದಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ಅಮ್ಮನಿಗೂ ಅರ್ಥವಾಗಿತ್ತು, ಆದರೂ ನನ್ನ ಕಡೆ ಒಮ್ಮೆ ನೋಡಿ, "ಹೇಗೆ ಕೇಳಬೇಕು ಪುಟ್ಟಿ? ಮೇ ಐ..." ಅಂತ ಶುರು ಮಾಡಿದರು. ಪುಟ್ಟಿ "ಮೇ ಐ" ಅಂದಳು. ಮುಂದಿನದು ಬರಲಿಲ್ಲ. ಅಷ್ಟರಲ್ಲಿ ನೆಲ ಒದ್ದೆಯಾಗಿತ್ತು.

ಅವಳು ಅಳಲಿಲ್ಲ. ನನಗೆ ಜಾಸ್ತಿ ಚುಚ್ಚಿದ್ದು ಅದೇ. ಒದ್ದೆ ಜಾಗದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅಪ್ಪನ ಮುಖ ನೋಡಿದಳು.

ಬಟ್ಟೆ ಬದಲಿಸಿ ಆದ ಮೇಲೆ ನಿಜ ವಿಷಯ ಹೊರಬಂತು. ಮೊದಲನೇ ಶಾಲೆಯಲ್ಲಿ ಅಡ್ಮಿಷನ್‌ಗೆ ಮುಂಚೆ ಮಗುವಿನ ಜೊತೆ 'ಇಂಟರಾಕ್ಷನ್' ಇರುತ್ತದೆ ಅಂದಿದ್ದರಂತೆ. ಅದಕ್ಕೆ ಎರಡು ತಿಂಗಳಿಂದ ಮನೆಯಲ್ಲಿ ಬರೀ ಇಂಗ್ಲಿಷ್. ನೀರು ಬೇಕಾದರೂ, ಬಾತ್‌ರೂಮಿಗೆ ಹೋಗಬೇಕಾದರೂ ಇಂಗ್ಲಿಷಿನಲ್ಲಿ ಕೇಳಿದರಷ್ಟೇ ಉತ್ತರ. ಫೋನಿನಲ್ಲಿ ಅಜ್ಜಿ ಜೊತೆ ಮಾತು ಕೂಡ ಕಡಿಮೆ ಮಾಡಿಸಿದ್ದರು, ಅಜ್ಜಿಗೆ ಇಂಗ್ಲಿಷ್ ಬರಲ್ಲ, ಅಭ್ಯಾಸ ಕೆಡುತ್ತೆ ಅಂತ. ಮೊದಲು ದಿನವಿಡೀ ವಟಗುಟ್ಟುತ್ತಿದ್ದ ಮಗು ಈಗ ಕೈ ತೋರಿಸಿ ಕೆಲಸ ಮುಗಿಸುತ್ತಿತ್ತು. "ಶಾಂತವಾಗಿದ್ದಾಳೆ, ಡಿಸಿಪ್ಲಿನ್ ಬಂತು ಅಂದುಕೊಂಡ್ವಿ" ಅಂದರು ಅಪ್ಪ. ಅಮ್ಮ ಏನೂ ಅನ್ನಲಿಲ್ಲ, ಟಿಶ್ಯೂ ಪೇಪರನ್ನು ಚೂರು ಚೂರು ಮಾಡುತ್ತಾ ಕೂತಿದ್ದರು.

ಅಪ್ಪನನ್ನು ಬೈಯೋದು ಸುಲಭ. ಆದರೆ ಅವರ ಜೊತೆ ಒಬ್ಬರೇ ಇದ್ದಾಗ ಮಾತಾಡಿದರೆ ಬೇರೆಯೇ ಕಥೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೀಟಿಂಗ್, ಗೊತ್ತಿದ್ದ ವಿಷಯವೇ, ಎದ್ದು ನಿಂತು ಹೇಳಲು ಹೋದರೆ ಇಂಗ್ಲಿಷ್ ವಾಕ್ಯ ಅರ್ಧಕ್ಕೇ ನಿಂತುಬಿಟ್ಟಿತಂತೆ, ಯಾರೋ ನಕ್ಕರಂತೆ. ಹತ್ತು ವರ್ಷ ಆಗಿದೆ, ಆ ನಗು ಇನ್ನೂ ಅವರ ಕಿವಿಯಲ್ಲಿದೆ. ಮಗಳಿಗೆ ಹಾಗಾಗಬಾರದು ಅನ್ನೋದು ಅವರ ಆಸೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನೋಡಿ, ವಾಕ್ಯ ಅರ್ಧಕ್ಕೆ ನಿಂತಾಗ ಎಲ್ಲರೂ ತನ್ನನ್ನೇ ನೋಡುವ ಆ ಕ್ಷಣವನ್ನು ಅವರೇ ಮನೆಯಲ್ಲಿ ಮಗಳಿಗೆ ದಿನಾ ತಂದಿಡುತ್ತಿದ್ದರು. ಇದನ್ನು ನಾನು ಹೇಳಬೇಕಾಗಲಿಲ್ಲ, ಮಾತಾಡುತ್ತಾ ಮಾತಾಡುತ್ತಾ ಅವರಿಗೇ ಹೊಳೆಯಿತು.

ಮೊದಲ ಸಲಹೆ ಶಾಲೆಯದ್ದಲ್ಲ. ಇಂಟರಾಕ್ಷನ್ ತಯಾರಿ ಇವತ್ತೇ ನಿಲ್ಲಿಸಿ, ಮನೆಯಲ್ಲಿ ಮನೆಮಾತೇ ಆಡಿ, ಅಜ್ಜಿಗೆ ಫೋನ್ ಮಾಡಿ. ಮನೆಮಾತು ಗಟ್ಟಿಯಿದ್ದರೆ ಇಂಗ್ಲಿಷಿಗೆ ಅಡ್ಡಿ ಆಗುತ್ತೆ ಅನ್ನೋದು ಸುಳ್ಳು. ಒಂದು ಭಾಷೆಯಲ್ಲಿ ಕಥೆ ಹೇಳಲು, ಏಕೆ ಅಂತ ಕೇಳಲು, ಜಗಳ ಆಡಲು ಕಲಿತ ಮಗುವಿಗೆ ಇನ್ನೊಂದು ಭಾಷೆ ಬಂದಾಗ ಬರೀ ಪದ ಹೊಸದು, ಮಾತಾಡುವ ಕಸುಬು ಹಳೆಯದೇ. ಹೊಸ ಭಾಷೆಯ ಶಾಲೆಗೆ ಹೋದ ಮಗು ಮೊದಲ ಕೆಲವು ವಾರ, ಕೆಲವು ಸಲ ತಿಂಗಳುಗಟ್ಟಲೆ, ಅಲ್ಲಿ ಸುಮ್ನೆ ಕೇಳಿಸಿಕೊಂಡು ಇರಬಹುದು. ಅದು ಸಹಜ. ಶಾಲೆಯಲ್ಲಿ ಮೌನ, ಮನೆಗೆ ಬಂದ ತಕ್ಷಣ ಕಟಕಟ ಮಾತು, ಆಗ ಗಾಬರಿ ಬೇಡ. ಮನೆಯಲ್ಲೂ ಮಾತು ಇಳಿದರೆ ಮಾತ್ರ ತಡಮಾಡಬಾರದು, ಮಾತಿನ ತಜ್ಞರಿಗೋ ಮಕ್ಕಳ ಡಾಕ್ಟರಿಗೋ ತೋರಿಸಬೇಕು. ಪುಟ್ಟಿಯ ವಿಷಯದಲ್ಲಿ ಕಾರಣ ಕಣ್ಣೆದುರಿಗೇ ಇತ್ತು, ಆದ್ದರಿಂದ ಒಂದು ತಿಂಗಳು ನೋಡೋಣ ಅಂದೆ. ಎರಡನೇ ವಾರಕ್ಕೇ ಅಮ್ಮನ ಮೆಸೇಜ್ ಬಂತು: "ಮೇಡಂ, ಮತ್ತೆ ತಲೆ ತಿನ್ನೋಕೆ ಶುರು ಮಾಡಿದ್ದಾಳೆ."

ಆಮೇಲೆ ಬ್ರೋಷರ್‌ಗೆ ಬಂದ್ವಿ. 'ಇಂಟರ್‌ನ್ಯಾಷನಲ್' ಅನ್ನೋ ಪದವನ್ನು ಬೋರ್ಡಿನ ಮೇಲೆ ಬರೆದ ಮಾತ್ರಕ್ಕೆ ಏನೂ ಸಾಬೀತಾಗಲ್ಲ. ಮಾಂಟೆಸ್ಸರಿ ಕೂಡ ಹಾಗೇ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದರು ಅಂತ ಬ್ರೋಷರ್‌ನಲ್ಲಿ ಬರೆದಿದ್ದು ನಿಜವೇ, ಆದರೆ ಆ ಹೆಸರು ಯಾರೊಬ್ಬರ ಸೊತ್ತೂ ಅಲ್ಲ, ಪ್ಲಾಸ್ಟಿಕ್ ಕುರ್ಚಿ ಹಾಕಿ ಎಲ್ಲರಿಗೂ ಒಟ್ಟಿಗೆ ಎಬಿಸಿಡಿ ತಿದ್ದಿಸುವ ಕಡೆಯೂ ಇಡಬಹುದು. ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕ್ಲಾಸಿನಲ್ಲಿದ್ದಾರಾ, ಬೇಕಾದ ಸಾಮಾನನ್ನು ತಾವೇ ತೆಗೆದುಕೊಂಡು ಬಹಳ ಹೊತ್ತು ಅದರಲ್ಲೇ ಮುಳುಗಲು ಬಿಡುತ್ತಾರಾ, ಅದನ್ನು ನೋಡಿ ಅಂದೆ. ಐಬಿ ಬೇರೆ. ಅದರ ಪ್ರೈಮರಿ ಇಯರ್ಸ್ ಕಾರ್ಯಕ್ರಮ 3ರಿಂದ 12 ವರ್ಷದ ಮಕ್ಕಳಿಗೆ, 1997ರಿಂದ ಇದೆ, ಮಾನ್ಯತೆ ಸಿಕ್ಕ ಶಾಲೆಗಳನ್ನು ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ಹುಡುಕಬಹುದು. ಅಪ್ಪ ಅಲ್ಲೇ ಹುಡುಕಿದರು. ಮೊದಲನೇ ಶಾಲೆ ಇನ್ನೂ 'ಕ್ಯಾಂಡಿಡೇಟ್', ಅಂದರೆ ಮಾನ್ಯತೆಯ ದಾರಿಯಲ್ಲಿದೆ, ಸಿಕ್ಕಿಲ್ಲ. ಬ್ರೋಷರ್‌ನ ಕೊನೇ ಪುಟದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಅದೂ ಇತ್ತು. ಸುಳ್ಳು ಹೇಳಿರಲಿಲ್ಲ ಪಾಪ.

ಮಾನ್ಯತೆ ಇದ್ದರೂ ಅದು ಕಾಗದ. ಮೂರೂ ಕಡೆ ಹೋಗಿ ಬನ್ನಿ, ಆದರೆ ಶಾಲೆ ಕರೆಯುವ ಓಪನ್ ಡೇಗೆ ಅಲ್ಲ, ಮಾಮೂಲಿ ದಿನ ಮಕ್ಕಳನ್ನು ಬಿಡುವ ಹೊತ್ತಿಗೆ ಅಂದೆ. ಗೇಟಿನ ಹತ್ತಿರ ಅರ್ಧ ಗಂಟೆ ನಿಂತರೆ ಸಾಕು. ಅಳುವ ಮಗು ಇದ್ದೇ ಇರುತ್ತದೆ. ಅದನ್ನು ಯಾರು ಎತ್ತಿಕೊಳ್ಳುತ್ತಾರೆ? ಹೆಸರು ಹಿಡಿದು ಕರೆಯುತ್ತಾರಾ? ಮಂಡಿಯೂರಿ ಮಾತಾಡುತ್ತಾರಾ, ಇಲ್ಲಾ ಮೇಲಿಂದಾನಾ? ಕಳೆದ ವರ್ಷದ ಟೀಚರ್‌ಗಳಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ಕೇಳಿ, ಉತ್ತರಕ್ಕಿಂತ ಉತ್ತರ ಕೊಡುವವರ ಮುಖ ನೋಡಿ. ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು ಅಂತಲೂ ಕೇಳಿ. ಇಂಗ್ಲೆಂಡಿನ ನಿಯಮದಲ್ಲಿ ಮೂರು ವರ್ಷ ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ 8 ಮಕ್ಕಳಿಗೆ ಒಬ್ಬರು, ಅರ್ಹತೆ ಪಡೆದ ಶಿಕ್ಷಕರೇ ಮುಂದೆ ನಿಂತಿದ್ದರೆ 13ಕ್ಕೆ ಒಬ್ಬರು. ಅಲ್ಲಿನ ಪಠ್ಯಕ್ರಮ ಅಂತ ಹೇಳಿಕೊಳ್ಳುವ ಶಾಲೆ ಆ ಲೆಕ್ಕವನ್ನೂ ಪಾಲಿಸುತ್ತಾ ಅಂತ ಕೇಳೋದು ನ್ಯಾಯವೇ ಅಲ್ವಾ?

ಇನ್ನೊಂದು ಪ್ರಶ್ನೆಯನ್ನು ಪುಟ್ಟಿಗೋಸ್ಕರವೇ ಬರೆದುಕೊಟ್ಟೆ. "ನಮ್ಮ ಮಗು ತನ್ನ ಭಾಷೆಯಲ್ಲಿ ಬಾತ್‌ರೂಮ್ ಕೇಳಿದರೆ ನೀವು ಏನು ಮಾಡುತ್ತೀರಿ?"

ಮೊದಲನೇ ಶಾಲೆಯವರು "ನಾವು ಇಂಗ್ಲಿಷಿಗೆ ಪ್ರೋತ್ಸಾಹ ಕೊಡುತ್ತೇವೆ" ಅಂದರಂತೆ. ಅಮ್ಮ ಅಷ್ಟೊಂದು ಇಷ್ಟಪಟ್ಟಿದ್ದ ಮಾಂಟೆಸ್ಸರಿಯಲ್ಲಿ ಒಂದೇ ವರ್ಷದಲ್ಲಿ ಮೂವರು ಟೀಚರ್ ಬದಲಾಗಿದ್ದರು. ಮೂರನೆಯದರಲ್ಲಿ ಈಜುಕೊಳ ಇಲ್ಲ, ಆಟದ ಜಾಗವೂ ಚಿಕ್ಕದು. ಆದರೆ ಅಲ್ಲಿನ ಟೀಚರ್ ಪ್ರಶ್ನೆ ಕೇಳಿ, "ಅವಳು ಏನಂತಾಳೆ ಅಂತ ಬರೆದುಕೊಡಿ, ನಾನು ಕಲೀತೀನಿ" ಅಂದರಂತೆ. ಅಪ್ಪನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಎರಡು ದಿನ ಯೋಚಿಸಿ ಅವರೇ ಒಪ್ಪಿದರು. ನಾನು ಅದನ್ನೇ ಆರಿಸಿ ಅಂತ ಹೇಳಿಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲ.

ಸೇರುವ ವಾರ ಅಮ್ಮ ಪದಗಳ ಚೀಟಿ ಬರೆದುಕೊಂಡು ನನಗೆ ತೋರಿಸಲು ಬಂದರು. ನೀರು, ಹಸಿವು, ನೋವು, ಅಮ್ಮ ಬೇಕು. ಆಮೇಲೆ 'ಮೂತ್ರ ವಿಸರ್ಜನೆ'. ಪುಟ್ಟಿ ಹೀಗಂತಾಳಾ ಅಂತ ಕೇಳಿದೆ. "ಇಲ್ಲ ಮೇಡಂ, ಉಚ್ಚೆ ಅಂತಾಳೆ. ಅದನ್ನ ಹೇಗೆ ಬರೆಯೋದು, ಶಾಲೆಯಲ್ಲಿ ಏನಂದ್ಕೋತಾರೆ?" ಅಂದರು, ನಗುತ್ತಲೇ. ಅದನ್ನೇ ಬರೆಯಿರಿ ಅಂದೆ. ಅವರು ಹೊಡೆದುಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದರು.

ಮೊದಲ ಮೂರು ವಾರ ಪುಟ್ಟಿ ಬೆಳಿಗ್ಗೆ ಅತ್ತಳು, ಕ್ಲಾಸಿನಲ್ಲಿ ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಮಾತ್ರ ಗೊಂಬೆಗಳಿಗೆ ಇಡೀ ದಿನದ ವರದಿ ಒಪ್ಪಿಸುತ್ತಿದ್ದಳು. ನಾಲ್ಕನೇ ವಾರ ಒಂದು ದಿನ ಅವಳು ಫ್ರಾಕ್ ಹಿಡಿದು ನಿಂತಿದ್ದನ್ನು ಟೀಚರ್ ಗಮನಿಸಿ, ಬೀರುವಿಗೆ ಅಂಟಿಸಿದ್ದ ಚೀಟಿ ನೋಡಿಕೊಂಡು, ಮಂಡಿಯೂರಿ, "ಉಚೀ?" ಅಂತ ಕೇಳಿದ್ದಾರೆ.

ಪುಟ್ಟಿ ಅವರನ್ನೇ ಸ್ವಲ್ಪ ಹೊತ್ತು ನೋಡಿ, "ಉಚೀ ಅಲ್ಲ, ಉಚ್ಚೆ" ಅಂದಳಂತೆ. ಆ ಕ್ಲಾಸಿನಲ್ಲಿ ಅವಳು ಆಡಿದ ಮೊದಲ ಮಾತು ಅದೇ.