ಪೋರ್ಟ್ ಬ್ಲೇರ್‌ನಾಗ ಮಧ್ಯಾಹ್ನಕ್ಕೇ ಸುಸ್ತು: ಕಲಬುರಗಿಯವರ ಪ್ರಶ್ನೆಗೆ

ಕಲಬುರಗಿಯಿಂದ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ (ಈಗಿನ ಹೆಸರು ಶ್ರೀ ವಿಜಯಪುರಂ) ಹೋದ, ರಾತ್ರಿ 12ಕ್ಕೆ ಮಲಗೋ ಒಬ್ಬರು, ಅಲ್ಲಿ ಮಧ್ಯಾಹ್ನಕ್ಕೇ ಸುಸ್ತಾಗ್ತದ, ಯಾಕ ಅಂತ ಕೇಳ್ಯಾರ. ಕಲಬುರಗಿಯ 42 ಡಿಗ್ರಿ ತಡೆದವರಿಗೆ ಅಲ್ಲಿಯ 30 ಯಾಕ ತಡೀವಲ್ದು ಅಂದ್ರ, ಬಹುಶಃ ಸೆಕೆ. ನಮ್ಮದು ಒಣ ಬಿಸಿಲು, ಬೆವರು ಆರಿ ಮೈ ತಣ್ಣಗಾಗ್ತದ. ದ್ವೀಪದಾಗ ಗಾಳೀನೇ ಹಸಿ, ಬೆವರು ಹರೀತದ, ಆರೋದಿಲ್ಲ. ಅದಕ್ಕೇ ಊರಿಂದ ಕೂಲರ್ ಒಯ್ಯಬ್ಯಾಡ್ರಿ, ಸೆಕೆ ಇನ್ನಷ್ಟು ಹೆಚ್ಚಾಗ್ತದ, ಫ್ಯಾನ್ ಸಾಕು.

ಇನ್ನೊಂದು, ಗಡಿಯಾರ ನಮ್ಮದೇ, ಆದ್ರ ಬೇಸಿಗ್ಯಾಗ ಅಲ್ಲಿ 5ಕ್ಕೇ ಬೆಳಕು, ತಡವಾಗಿ ಮಲಗಿದ್ರ ನಿದ್ದಿ ಸಾಲೂದಿಲ್ಲ. ಮೊದಲು ರಾತ್ರಿ 12ರ ಬದಲು 10ಕ್ಕೆ ಮಲಗ್ರಿ, ಕಿಟಕಿಗೆ ದಪ್ಪ ಪರದೆ ಹಾಕ್ರಿ. ಆಮ್ಯಾಲೆ ವಾಕಿಂಗ್, ಹೊರಗಿನ ಕೆಲಸ 8ರೊಳಗ ಮುಗಿಸ್ರಿ. ಬಾಯಾರೋತನಕ ಕಾಯದೆ ನೀರು ಕುಡೀರಿ, ಊಟಕ್ಕ ಉಪ್ಪು ಹಾಕಿದ ಮಜ್ಜಿಗಿ ಇರಲಿ (ಬಿಪಿ ಇದ್ರ ಉಪ್ಪು ಬ್ಯಾಡ).

ಮೈ ಒಗ್ಗಲಿಕ್ಕೆ 2 ವಾರ ಬೇಕು. ಆಮ್ಯಾಲೂ ಸುಸ್ತು ಇಳಿಯದಿದ್ರ ಕಾರಣ ಬ್ಯಾರೆ ಇರಬಹುದು, ರಕ್ತ ಪರೀಕ್ಷೆ ಮಾಡಿಸ್ರಿ.