ಬೈಕ್ ಲೈಸೆನ್ಸ್ ಪರೀಕ್ಷೆಯನ್ನು ಇನ್ನಷ್ಟು ಕಠಿಣಗೊಳಿಸಬೇಕೇ?

ನಿಮ್ಮ ತಮ್ಮ ಕಾಲು ನೆಲಕ್ಕೆ ತಾಗಿಸದೆ ಬೈಕಿನಲ್ಲಿ ಎಂಟರ (8) ಆಕಾರ ಸುತ್ತಿ ಲೈಸೆನ್ಸ್ ಪಡೆದನೆಂದು ಬರೆದು, ಈ ಪರೀಕ್ಷೆ ಇನ್ನಷ್ಟು ಕಠಿಣವಾಗಬೇಕೇ ಎಂದು ಕೇಳಿದ್ದೀರಿ. 2011ರಲ್ಲಿ ನಾನೂ ಹಾಗೆಯೇ ಪಡೆದವನು. ಸಮತಟ್ಟಾದ ಮೈದಾನದಲ್ಲಿ ಮೊದಲನೇ ಗೇರಿನಲ್ಲೇ ಎಂಟು ಸುತ್ತಿದೆ. ಎರಡನೇ ಗೇರು ಹಾಕುವ ಸಂದರ್ಭವೇ ಬರಲಿಲ್ಲ.

ಅದೇ ಮಳೆಗಾಲದಲ್ಲಿ ಚಿಕ್ಕಪ್ಪನ ಮಗನನ್ನು ಉಜಿರೆಯ ಹಾಸ್ಟೆಲ್ಲಿಗೆ ಬಿಡಲು ಚಿಕ್ಕಮಗಳೂರಿನಿಂದ ಹೊರಟು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಪೆಟ್ರೋಲ್ ಉಳಿಯುತ್ತದೆಂದು ಕ್ಲಚ್ ಹಿಡಿದುಕೊಂಡೇ ಇಳಿಯುವುದು ನನಗೆ ರೂಢಿಯಾಗಿತ್ತು. ತಪ್ಪು ಇದೇ, ಇದನ್ನು ಬಿಡಿಸಿ ಹೇಳಲೇಬೇಕು. ಬೈಕು ಕೆಳಗಿನ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಿದ್ದರೆ, ಎಂಜಿನ್ನೇ ಹಿಂದಿನ ಚಕ್ರವನ್ನು ತಡೆದು ಹಿಡಿಯುತ್ತದೆ. ಕ್ಲಚ್ ಹಿಡಿದೊಡನೆ ಆ ತಡೆ ಕಳಚಿಕೊಂಡು, ವೇಗ ತಗ್ಗಿಸುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹೇರ್‌ಪಿನ್ ತಿರುವಿಗೆ ಬಂದಾಗ ನನ್ನ ವೇಗ ಹೆಚ್ಚಾಗಿತ್ತು. ಬೈಕು ವಾಲಿದ ಮೇಲೆ ಗಾಬರಿಯಿಂದ ಮುಂದಿನ ಬ್ರೇಕನ್ನು ಬಲವಾಗಿ ಅಮುಕಿದೆ. ವಾಲಿದ ಬೈಕಿನ ಟೈರಿಗೆ ತಿರುಗುವುದಕ್ಕೇ ಇರುವ ಹಿಡಿತವೆಲ್ಲ ಬೇಕಾಗಿರುವಾಗ, ಅದೂ ಒದ್ದೆ ರಸ್ತೆಯಲ್ಲಿ, ಅದೇ ಟೈರಿನಿಂದ ನಾನು ನಿಲ್ಲುವ ಕೆಲಸವನ್ನೂ ಕೇಳಿದ್ದೆ. ಮುಂದಿನ ಚಕ್ರ ಜಾರಿತು.

ಎದ್ದು ನೋಡಿದಾಗ ಅವನ ಪುಸ್ತಕದ ಚೀಲ ಬಂಡೆಯಿಂದ ಇಳಿಯುವ ನೀರಿನಲ್ಲಿ ಬಾಯಿ ತೆರೆದು ಬಿದ್ದಿತ್ತು. ನನ್ನ ಭುಜದ ಮುಂದಿನ ಮೂಳೆ ಮುರಿದಿತ್ತು. ಅವನ ಬಲಪಾದದ ಗಂಟು ಪುಡಿಯಾಗಿತ್ತು. ಇಂದಿಗೂ ಅವನು ಮೆಟ್ಟಿಲನ್ನು ಒಂದೊಂದಾಗಿಯೇ ಇಳಿಯುತ್ತಾನೆ.

ಆಸ್ಪತ್ರೆಯಿಂದ ಬಂದ ಮೇಲೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಅನ್ನು ತೆಗೆದು ಓದಿದೆ. ಅದರ 15ನೇ ನಿಯಮದಲ್ಲಿ, ಅಭ್ಯರ್ಥಿಯು ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರಲು ಶಕ್ತನೇ ಎಂಬುದನ್ನು ಪರೀಕ್ಷಿಸಬೇಕೆಂದು ಸ್ಪಷ್ಟವಾಗಿ ಬರೆದಿದೆ. ತುರ್ತಾಗಿ ವಾಹನ ನಿಲ್ಲಿಸುವುದೂ, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದೂ ಅದೇ ಪಟ್ಟಿಯಲ್ಲಿವೆ. ನನ್ನಿಂದ ಇವುಗಳಲ್ಲಿ ಒಂದನ್ನೂ ಮಾಡಿಸಲಿಲ್ಲ.

ಆದ್ದರಿಂದ, ಪರೀಕ್ಷೆ ಕಠಿಣವಾಗಬೇಕೇ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಎಂಟನ್ನು ಇನ್ನಷ್ಟು ಕಿರಿದುಗೊಳಿಸಿದರೆ ಮೈದಾನದಲ್ಲಿ ಸಮತೋಲ ಕಾಯುವವರು ಸಿಗುತ್ತಾರೆಯೇ ಹೊರತು ಘಾಟಿ ಇಳಿಯಬಲ್ಲವರಲ್ಲ. ಬರೆದಿರುವುದನ್ನೇ ರಸ್ತೆಯ ಮೇಲೆ, ಮೂರನೇ ಗೇರಿನವರೆಗಾದರೂ ಓಡಿಸಿ, ಇಳಿಜಾರಿನಲ್ಲಿ ಪರೀಕ್ಷಿಸಲಿ. ನಮ್ಮ ಜಿಲ್ಲೆಯಲ್ಲಿ ಇಳಿಜಾರಿಗೆ ಬರವಿಲ್ಲ. ಫೇಲಾದವರು ಏಳು ದಿನ ಕಳೆದು ಮತ್ತೆ ಬರಬಹುದೆಂದು ಕಾನೂನೇ ಹೇಳುವಾಗ, ಫೇಲ್ ಮಾಡಲು ಹಿಂಜರಿಯುವುದೇಕೆ?

ನಿಮ್ಮ ತಮ್ಮನನ್ನು ಮಾತ್ರ ಅಲ್ಲಿಯವರೆಗೆ ಕಾಯಿಸಬೇಡಿ. ಪ್ರವಾಸಿಗಳ ದಟ್ಟಣೆಯಿಲ್ಲದ ವಾರದ ದಿನ ಬೆಳಿಗ್ಗೆ, ಮಳೆಯಿಲ್ಲದಾಗ, ಚಿಕ್ಕಮಗಳೂರಿನ ಬಳಿಯ ಕೈಮರದಿಂದ ಮೇಲಿನ ಗಿರಿ ರಸ್ತೆಗೆ ಅವನೊಬ್ಬನನ್ನೇ ಬೈಕಿನಲ್ಲಿ ಕೂರಿಸಿ, ನೀವು ಬೇರೆ ವಾಹನದಲ್ಲಿ ಹಿಂದೆ ಹೋಗಿ. ಬರುವಾಗ ಪ್ರತಿ ತಿರುವಿಗೆ ಮೊದಲೇ ಬ್ರೇಕ್ ಹಿಡಿದು ಎರಡನೇ ಗೇರಿಗೆ ಬಂದು, ತಿರುವು ಮುಗಿಯುವವರೆಗೆ ಕ್ಲಚ್ ಮುಟ್ಟದೆ ಇಳಿಯಲಿ.