ಎಂಬೆಡೆಡ್ ಕೆಲಸಕ್ಕೆ ಬೆಂಗಳೂರಿನ ಕೋರ್ಸ್ ಬೇಕೇ? ಕೋಲಾರದ ವಿದ್ಯಾರ್ಥಿಗೆ ಉತ್ತರ

ಕೋಲಾರದಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಕೊನೆಯ ವರ್ಷದಲ್ಲಿದ್ದೀರಿ, ಕಲಿಕೆಯ ಬೋರ್ಡ್ ಆರ್ಡುಯಿನೊದಲ್ಲಿ ಸೆನ್ಸರ್ ಓದಿಸುವಷ್ಟು ಬರುತ್ತದೆ, ಎಂಬೆಡೆಡ್ ಕೆಲಸಕ್ಕಾಗಿ (ಯಂತ್ರಗಳೊಳಗೆ ಕೂರುವ ಪುಟ್ಟ ಕಂಪ್ಯೂಟರ್ ಚಿಪ್‌ಗಳ ಕೆಲಸ) ದುಡ್ಡು ಕಟ್ಟಿ ಬೆಂಗಳೂರಿನಲ್ಲಿ ಕೋರ್ಸ್ ಸೇರಬೇಕೇ ಎಂದು ಕೇಳಿದ್ದೀರಿ. ಫರ್ಮ್‌ವೇರ್, ಅಂದರೆ ಅಂಥ ಚಿಪ್‌ಗಳನ್ನು ನಡೆಸುವ ಕೋಡ್, ಬರೆದು ಬದುಕುವವನಾಗಿ ಹೇಳುತ್ತೇನೆ: ಈಗಲೇ ಬೇಡ. ಮೊದಲು ಕೊಳವೆಬಾವಿ ಪಂಪಿಗೆ, ಕರೆಂಟ್ ಬಂದಾಗ ತಾನೇ ಶುರು ಮಾಡುವ ಒಂದು ಆಟೊ ಸ್ಟಾರ್ಟರ್ ಕಟ್ಟಿ.

ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಅಪರೂಪವಲ್ಲ. ಅಷ್ಟು ಆಳದಲ್ಲಿ ಮೋಟಾರು ನೀರಿಲ್ಲದೆ ಓಡಿ ಸುಟ್ಟರೆ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅಷ್ಟರಲ್ಲಿ ಟೊಮೆಟೊ ಒಣಗುತ್ತದೆ. ನೀರು ನಿಂತಾಗ ಮೋಟಾರಿನ ಹೊರೆ ಇಳಿದು, ಅದು ಎಳೆಯುವ ಕರೆಂಟೂ ಇಳಿಯುತ್ತದೆ. ಅದನ್ನು ಗುರುತಿಸಿ ಪಂಪನ್ನು ನಿಲ್ಲಿಸಬೇಕು. ಆದರೆ ಬತ್ತುತ್ತಿರುವ ಬಾವಿಯಲ್ಲಿ ನೀರು ಗಾಳಿಯೊಡನೆ ಬಿಟ್ಟು ಬಿಟ್ಟು ಬರುತ್ತದೆ. ಕರೆಂಟ್ ಇಳಿದ ಕೂಡಲೇ ನಿಲ್ಲಿಸಿದರೆ ತೋಟಕ್ಕೆ ನೀರು ಹರಿಯದು, ತುಂಬ ಹೊತ್ತು ತಾಳಿದರೆ ಮೋಟಾರು ಬಿಸಿಯೇರುತ್ತದೆ. ಎಷ್ಟು ಸೆಕೆಂಡು ತಾಳಬೇಕು ಎಂಬುದು ಬಾವಿಯ ಬಳಿ ಕುಳಿತು ಅಳೆದಾಗಲೇ ತಿಳಿಯುವುದು.

ಇನ್ನು ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಮೋಟಾರು ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುವುದುಂಟು. ವೋಲ್ಟೇಜ್ ಕುಸಿದು ನಿಮ್ಮ ಬೋರ್ಡೇ ರೀಸೆಟ್ ಆದೀತು. ಮೋಟಾರಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಬಿಡುವಾಗ ಅದರ ಕಾಯಿಲ್‌ನಿಂದ ಏಳುವ ವೋಲ್ಟೇಜ್ ಹೊಡೆತವೂ ಅದೇ ಕೆಲಸ ಮಾಡುತ್ತದೆ. ಕೋಡನ್ನು ಎಷ್ಟು ಜಾಲಾಡಿದರೂ ಈ ದೋಷ ಸಿಗದು. ವೋಲ್ಟೇಜಿನ ಏರಿಳಿತವನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಹಚ್ಚಿದರೆ ಕಾಣುತ್ತದೆ. ಕಾಯಿಲ್‌ಗೆ ಅಡ್ಡಲಾಗಿ ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರಿಸಿ ಹಾಕಿ, ಆ ಹೊಡೆತ ತಗ್ಗುವುದನ್ನು ಕಣ್ಣಾರೆ ನೋಡಿ. ನನಗೆ ಈ ಕಸುಬಿನಲ್ಲಿ ಅದಕ್ಕಿಂತ ಹೆಚ್ಚು ಸಂತೋಷ ಕೊಡುವುದು ಇಲ್ಲ. ತ್ರೀ ಫೇಸ್ ಬಂದ ಕ್ಷಣ ಊರಿನ ಪಂಪುಗಳೆಲ್ಲ ಒಟ್ಟಿಗೆ ಎದ್ದರೆ ಲೈನ್ ತಡೆಯುವುದಿಲ್ಲ, ಹಾಗಾಗಿ ಒಂದೊಂದು ಸ್ಟಾರ್ಟರೂ ಬೇರೆ ಬೇರೆ ಹೊತ್ತು ಕಾಯುವಂತೆ ಬರೆಯಿರಿ.

ಆರ್ಡುಯಿನೊ ಲೈಬ್ರರಿ ಬಿಟ್ಟು, ಚಿಪ್‌ನ ವಿವರ ಕೊಡುವ ಡೇಟಾಶೀಟ್ ಓದಿ, ಚಿಪ್‌ನ ಒಳಗಿನ ನಿಯಂತ್ರಣ ಸ್ಥಾನಗಳಾದ ರಿಜಿಸ್ಟರ್‌ಗಳನ್ನು ನೇರವಾಗಿ ಬಳಸಿ ಸಿ ಭಾಷೆಯಲ್ಲೇ ಇದನ್ನು ಮಾಡಿ. ಕೋಡ್ ಸಿಕ್ಕಿಬಿದ್ದು, ಎಣಿಕೆಯನ್ನು ಹೊತ್ತಿಗೆ ಸರಿಯಾಗಿ ಮೊದಲಿಗೆ ತರದಿದ್ದರೆ ಬೋರ್ಡನ್ನು ರೀಸೆಟ್ ಮಾಡುವುದು ವಾಚ್‌ಡಾಗ್ ಟೈಮರ್. ಆ ಎಣಿಕೆಯನ್ನು ಟೈಮರ್ ಇಂಟರಪ್ಟ್‌ನೊಳಗೆ (ಮುಖ್ಯ ಕೋಡನ್ನು ತಡೆದು ಹೊತ್ತಿಗೊಮ್ಮೆ ಓಡುವ ತುಣುಕಿನಲ್ಲಿ) ಮೊದಲಿಗೆ ತರಬೇಡಿ: ಮುಖ್ಯ ಲೂಪ್ ಸಿಕ್ಕಿಬಿದ್ದರೂ ಇಂಟರಪ್ಟ್ ಬರುತ್ತಲೇ ಇರುತ್ತದೆ, ಆಗ ವಾಚ್‌ಡಾಗ್ ಇದ್ದೂ ಇಲ್ಲದಂತೆ. ಇಂಟರಪ್ಟ್ ಮತ್ತು ಮುಖ್ಯ ಲೂಪ್ ಎರಡೂ ಮುಟ್ಟುವ ವೇರಿಯಬಲ್‌ಗೆ 'ವೋಲಟೈಲ್' (ಪ್ರತಿ ಸಲ ಮೆಮೊರಿಯಿಂದಲೇ ಓದು ಎಂದು ಕಂಪೈಲರ್‌ಗೆ ಹೇಳುವ ಪದ) ಏಕೆ ಬೇಕೆಂದು ಸಂದರ್ಶನದಲ್ಲಿ ಕೇಳುತ್ತಾರೆ. ಇದನ್ನು ಕಟ್ಟಿದವರು ಬಾಯಿಪಾಠ ಮಾಡಬೇಕಿಲ್ಲ.

ಆಮೇಲೂ ಕೋರ್ಸ್ ಬೇಕೆನಿಸಿದರೆ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನ ಎಂಬೆಡೆಡ್ ಸ್ನಾತಕೋತ್ತರ ಡಿಪ್ಲೊಮಾ ನೋಡಿ. ಕೆಲಸ ಕೊಡಿಸುತ್ತೇವೆಂದು ಮೊದಲೇ ಭರವಸೆ ಮಾರುವ ಕಡೆ ಹೋಗಬೇಡಿ. ಫರ್ಮ್‌ವೇರ್ ಬರೆಯುವ ಕೆಲಸಗಳು ಹೆಚ್ಚಾಗಿ ಬೆಂಗಳೂರಿನಲ್ಲೇ ಇವೆ. ನಮ್ಮ ಜಿಲ್ಲೆಯ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಟೆಸ್ಟಿಂಗ್ ಕೆಲಸ ಸಿಕ್ಕರೆ ಕೀಳೆಂದು ಬಿಡಬೇಡಿ; ಬೋರ್ಡುಗಳು ಹೇಗೆ ಕೆಡುತ್ತವೆ ಎಂಬುದನ್ನು ಅಲ್ಲಿನಷ್ಟು ಬೇಗ ಬೇರೆಲ್ಲೂ ಕಲಿಯಲಾಗದು.

12 ವೋಲ್ಟ್ ರಿಲೇ ಮತ್ತು ಬಲ್ಬ್ ಇಟ್ಟುಕೊಂಡು ಶುರು ಮಾಡಿ. 415 ವೋಲ್ಟ್ ಲೈನಿಗೆ ಜೋಡಿಸುವ ದಿನ ಅನುಭವಿ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ಇರಲಿ, ಒಬ್ಬರೇ ಕೈ ಹಾಕಬೇಡಿ. ಸರ್ಕ್ಯೂಟ್ ಬರೆದು ಇಲ್ಲಿ ಹಾಕಿದರೆ ಖಂಡಿತ ನೋಡಿ ಹೇಳುತ್ತೇನೆ.